ತುಂಗೆಯ ದೇವರ ಮೀನು

ಶೃಂಗೇರಿಗೆ ಹೋದವರು ಶಾರದೆಯ ದರ್ಶನ ಮುಗಿಸಿ ತುಂಗೆಯ ಮೆಟ್ಟಿಲಿಳಿಯದೆ ಹಿಂದಿರುಗುವುದುಂಟೆ? ನಾನೂ ಇಳಿದೆ. ಹಿಡಿ ಮಂಡಕ್ಕಿ ಎರಚಿದೊಡನೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಮುಗಿಬಿದ್ದವು. ಇವು ಯಾವ ಮೀನೆಂದು ಪಕ್ಕದಲ್ಲಿದ್ದ ವೃದ್ಧರನ್ನು ಕೇಳಿದೆ. “ದೇವರ ಮೀನು ಮಾರಾಯ್ರೆ” ಎಂದರು. ಭಕ್ತಿಗೆ ಅಷ್ಟು ಉತ್ತರ ಸಾಕು. ನನ್ನ ಕುತೂಹಲಕ್ಕೆ ಸಾಲಲಿಲ್ಲ.

ಮೀನಿನ ಜಾತಿಭೇದವನ್ನು ಗುರುತಿಸುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗಾಳದ ಬೇಟೆಗೆಂದೇ ‘ಮತ್ಸ್ಯವಿನೋದ’ವೆಂಬ ಪ್ರಕರಣವಿದೆ. ಅಲ್ಲಿ ಕಡಲ ಮೀನು, ಹೊಳೆಯ ಮೀನು, ಹುರುಪೆಯುಳ್ಳದ್ದು, ಇಲ್ಲದ್ದು ಎಂಬ ವಿಂಗಡಣೆಯೂ ಉಂಟು. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ಕುರಿತು ಬರೆದರು.

ತುಂಗೆಯ ದೊಡ್ಡ ಮೀನುಗಳೆಲ್ಲ ಒಂದೇ ಜಾತಿಯವಲ್ಲ. ಅವುಗಳಲ್ಲಿ ಹೆಸರಾದದ್ದು ದಖನ್ನಿನ ಮಹಶೀರ್. 1839ರಲ್ಲಿ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ಪುಣೆಯ ಬಳಿಯ ಮುಳಾ–ಮುಠಾ ಹೊಳೆಯ ಮೀನನ್ನು ನೋಡಿ ಇದನ್ನು ವರ್ಣಿಸಿದ. ಇಂದು ಇದಕ್ಕೆ ‘ಟಾರ್ ಖುದ್ರೀ’ ಎಂಬ ಶಾಸ್ತ್ರೀಯ ನಾಮ. ಆ ನೀರೂ ತುಂಗೆಯಂತೆ ಕಡೆಗೆ ಕೃಷ್ಣೆಯನ್ನೇ ಸೇರುತ್ತದೆ. ದೊಡ್ಡ ದೊಡ್ಡ ಹುರುಪೆ, ದಪ್ಪ ತುಟಿ, ಬಾಯ ಬಳಿ ಎರಡು ಜೊತೆ ಮೀಸೆ—ಇವು ಇದರ ಗುರುತುಗಳು. ದವಡೆಯಲ್ಲಿ ಹಲ್ಲಿಲ್ಲ, ಅಗಿಯುವ ಹಲ್ಲು ಗಂಟಲಲ್ಲಿದೆ. ಆದಕಾರಣ ಮಂಡಕ್ಕಿ ಹಾಕುವ ಮಗುವಿನ ಬೆರಳಿಗೆ ಭಯವಿಲ್ಲ.

ಶೃಂಗೇರಿಯ ಮೆಟ್ಟಿಲ ಬಳಿ ಇದಕ್ಕೆ ಬಲೆಯ ಭಯವೂ ಇಲ್ಲ. ಆದರೆ ಮೀನಿಗೆ ಕ್ಷೇತ್ರದ ಎಲ್ಲೆ ತಿಳಿಯದು; ಅದು ಕೆಳಗೆ ಕೊಪ್ಪ ತಾಲ್ಲೂಕಿನ ಹರಿಹರಪುರದ ಕಡೆಗೂ ಈಜೀತು. ಮಳೆಗಾಲದಲ್ಲಿ ಇದು ಹೊಳೆಯ ಮೇಲ್ಮುಖವಾಗಿ ಹೋಗಿ, ಜಲ್ಲಿಕಲ್ಲಿನ ಮೇಲೆ ತಿಳಿನೀರು ಹರಿಯುವೆಡೆ ಮೊಟ್ಟೆಯಿಡುತ್ತದೆ. ತುಂಗೆಯ ಒಡಹುಟ್ಟಾದ ಭದ್ರೆಯ ಪಾಡು ನೋಡಿ: 1965ರಲ್ಲಿ ಲಕ್ಕವಳ್ಳಿಯ ಅಣೆಕಟ್ಟು ಪೂರ್ಣಗೊಂಡಿತು; ಹಿಂದೆ ಎಡೇಹಳ್ಳಿಯೆನಿಸಿದ್ದ ನರಸಿಂಹರಾಜಪುರದ ಬಳಿ ಹರಿಯುವ ಹೊಳೆ ನಿಂತ ನೀರಾಯಿತು. ಗದ್ದೆಗಳಿಗೆ ನೀರು ಬಂದದ್ದು ನಿಜ. ಕೆಳಗಿನಿಂದೇರಿ ಬರುವ ಮೀನಿನ ಹಾದಿ ಮುಚ್ಚಿದ್ದೂ ಅಷ್ಟೇ ನಿಜ.

ಮೆಟ್ಟಿಲ ಬಳಿ ಮಂಡಕ್ಕಿ ತಿನ್ನುವುದು ಮೀನಿನ ಬಾಳಿನಲ್ಲಿ ಒಂದು ಗಳಿಗೆ ಮಾತ್ರ. ಅದರ ವಂಶ ಬೆಳೆಯುವುದು ಹರಿಯುವ ಹೊಳೆಯಲ್ಲಿ. ದೇವರ ಮೀನೆಂದು ಕೈಮುಗಿಯುವ ನಾವು, ದೇವರ ಹೊಳೆಯೆಂದು ಅದರ ಹಾದಿಯನ್ನೂ ಕಾಯಬೇಡವೆ?