ರೋಮ್ ಶಿಲ್ಪದಲ್ಲಿ ನೋವು, ಬೊರಿವಲಿಯ ವೀರಗಲ್ಲಿನಲ್ಲಿ ಸ್ವರ್ಗ: ಏಕ್ಸರ್ ಕಲ್ಲುಗಳು ಹೇಳುವ ಸಮುದ್ರ ಕಾಳಗದ ಕಥೆ

ಮುಂಬೈ: ಬೊರಿವಲಿ ಪಶ್ಚಿಮದ ಏಕ್ಸರ್ ಇಂದು ಹೆಚ್ಚಿನವರಿಗೆ ಮೆಟ್ರೋ 2ಎ ಮಾರ್ಗದ ಒಂದು ನಿಲ್ದಾಣವಷ್ಟೇ. ಆದರೆ ಯುದ್ಧದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ಆರು ವೀರಗಲ್ಲುಗಳು ಇರುವುದೂ ಇದೇ ಏಕ್ಸರ್‌ನಲ್ಲಿ. ಇವುಗಳ ವಿಶೇಷವೆಂದರೆ ಸಮುದ್ರ ಕಾಳಗದ ಕೆತ್ತನೆ. ಇಂಥ ವೀರಗಲ್ಲುಗಳು ದೇಶದಲ್ಲೇ ಅಪರೂಪ.

ಕಲ್ಲಿನಲ್ಲಿ ಏನಿದೆ?
ದೊಡ್ಡ ಕಲ್ಲುಗಳು ಸುಮಾರು 10 ಅಡಿ ಎತ್ತರ, 3 ಅಡಿ ಅಗಲ ಇವೆ ಎಂದು 1882ರ ಠಾಣೆ ಜಿಲ್ಲಾ ಗೆಜೆಟಿಯರ್ ದಾಖಲಿಸಿದೆ. ಕಲ್ಲನ್ನು ಅಡ್ಡ ಪಟ್ಟಿಕೆಗಳಾಗಿ ವಿಂಗಡಿಸಲಾಗಿದ್ದು, ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಹುಟ್ಟು ಹಾಕುತ್ತಿರುವ ಹಡಗುಗಳು, ನೀರಿಗೆ ಉರುಳುವ ಯೋಧರು. ಮೇಲೆ ಶಿವಲಿಂಗದ ಪೂಜೆ, ಹೂಮಾಲೆ ಹಿಡಿದು ಹಾರಿಬರುವ ದೇವತೆಗಳು, ತುದಿಯಲ್ಲಿ ಕಲಶ.

ಇದು ಯಾವ ಯುದ್ಧ?
ಈ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಲ್ಲುಗಳು 11ನೇ ಶತಮಾನದವು ಎಂಬುದು ಒಂದು ವಾದ. ಉತ್ತರ ಕೊಂಕಣದ ಕೊನೆಯ ಶಿಲಾಹಾರ ದೊರೆ ಸೋಮೇಶ್ವರ ಹಾಗೂ ದೇವಗಿರಿಯ ಯಾದವ ದೊರೆ ಮಹಾದೇವನ ನಡುವೆ 1265ರ ಸುಮಾರಿಗೆ ನಡೆದ ಕಾಳಗದ ಚಿತ್ರಣ ಎಂಬುದು ಇನ್ನೊಂದು ವಾದ. ಆ ಯುದ್ಧದಲ್ಲಿ ಸೋಮೇಶ್ವರ ಸಮುದ್ರದಲ್ಲೇ ಮುಳುಗಿ ಸತ್ತ. ಅಲ್ಲಿಗೆ ಆ ರಾಜವಂಶದ ಆಳ್ವಿಕೆಯೂ ಮುಗಿಯಿತು.

ರೋಮ್‌ನಲ್ಲಿ ದುರಂತ ಕಾಣುವುದು ಹೇಗೆ?
ಪ್ರಾಚೀನ ರೋಮ್‌ನ ಶಿಲ್ಪಗಳಲ್ಲಿ ಸಾವನ್ನು ಕೆತ್ತಿದ ಬಗೆಯೇ ಬೇರೆ. 1506ರಲ್ಲಿ ರೋಮ್‌ನಲ್ಲಿ ಸಿಕ್ಕಿದ, ಈಗ ವ್ಯಾಟಿಕನ್‌ನಲ್ಲಿರುವ ಲಾವೊಕೂನ್ ಶಿಲ್ಪದಲ್ಲಿ ಟ್ರಾಯ್ ನಗರದ ಪುರೋಹಿತ ಮತ್ತು ಅವನ ಇಬ್ಬರು ಮಕ್ಕಳನ್ನು ಹಾವುಗಳು ಸುತ್ತಿಕೊಂಡಿವೆ. ತಂದೆಯ ಬಾಯಿ ತೆರೆದಿದೆ, ಹುಬ್ಬು ಗಂಟಿಕ್ಕಿದೆ, ಮೈಯ ಸ್ನಾಯುಗಳೆಲ್ಲ ಬಿಗಿದಿವೆ. ಕ್ರಿ.ಶ. 250ರ ಸುಮಾರಿನ ಲುಡೊವಿಸಿ ಶವಪೆಟ್ಟಿಗೆಯ ಮೇಲಿನ ಯುದ್ಧದ ದೃಶ್ಯದಲ್ಲಿ ಗೆದ್ದ ಸೇನಾನಿಯ ಮುಖ ಶಾಂತವಾಗಿದ್ದರೆ, ಸಂಕಟವೆಲ್ಲ ಸೋತವರ ಮುಖದ ಮೇಲಿದೆ.

ವೀರಗಲ್ಲಿನ ದಾರಿಯೇ ಬೇರೆ
ವೀರಗಲ್ಲಿನಲ್ಲಿ ಮುಖಗಳು ಚಿಕ್ಕವು. ಅಲ್ಲಿ ಅಳು, ನರಳಾಟ ಕಾಣುವುದಿಲ್ಲ. ದುರಂತವಿರುವುದು ಪಟ್ಟಿಕೆಗಳ ಕ್ರಮದಲ್ಲಿ. ಕೆಳಗೆ ಸತ್ತವನೇ ಮೇಲಿನ ಪಟ್ಟಿಕೆಯಲ್ಲಿ ದೇವರ ಸನ್ನಿಧಿ ಸೇರುತ್ತಾನೆ. ರೋಮನ್ ಶಿಲ್ಪ ನೋವಿನ ಒಂದು ಕ್ಷಣವನ್ನು ಹಿಡಿದಿಟ್ಟರೆ, ವೀರಗಲ್ಲು ಆ ಕ್ಷಣವನ್ನು ದಾಟಿಸಿ ಉಳಿದವರಿಗೆ ಸಮಾಧಾನ ಹೇಳುತ್ತದೆ.

ಕನ್ನಡ ನಾಡಿನ ಉದಾಹರಣೆ
ಕರ್ನಾಟಕದ ಊರೂರುಗಳಲ್ಲಿ ಇಂಥ ಕಲ್ಲುಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನ, ಕ್ರಿ.ಶ. 950ರ ಸುಮಾರಿನ ಕಲ್ಲು ಒಂದು ನಾಯಿಯದು. ಗಂಗ ದೊರೆ ಬೂತುಗನಿಂದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದವನು ಮಣಲೆರ. ಕಾಡುಹಂದಿಯೊಂದಿಗೆ ಹೋರಾಡಿ ಕಾಳಿ ಸತ್ತಿತು, ಹಂದಿಯೂ ಸತ್ತಿತು. ಮಣಲೆರ ಕಲ್ಲು ನಿಲ್ಲಿಸಿ ಭೂಮಿ ದಾನ ಕೊಟ್ಟ. ಕಲ್ಲಿಗೆ ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ಪಾಪ ತಟ್ಟುತ್ತದೆ ಎಂದೂ ಶಾಸನ ಎಚ್ಚರಿಸುತ್ತದೆ. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹೆಸರಿಲ್ಲದ ವೀರರು
ಕಾಳಿಯ ಹೆಸರು ಸಾವಿರ ವರ್ಷ ದಾಟಿ ಉಳಿದಿದ್ದು ಅಕ್ಷರದಿಂದ. ಏಕ್ಸರ್‌ನಲ್ಲಿ ವೀರರನ್ನು ಗುರುತಿಸಬಲ್ಲ ಬರಹವಿಲ್ಲ. ಹಡಗಿನಿಂದ ಬಿದ್ದವರು ಯಾರು, ಯಾವ ದೊರೆಯ ಕಡೆಯವರು ಎಂಬುದಕ್ಕೆ ಉಳಿದ ಸಾಕ್ಷಿ ಕೆತ್ತನೆಯೊಂದೇ. ಗಾಳಿ ಮಳೆಗೆ ಅದರ ಗೆರೆಗಳು ಸವೆದಿವೆ ಎಂದು 1882ರಲ್ಲೇ ಗೆಜೆಟಿಯರ್ ಬರೆದಿತ್ತು. ಅವು ಪೂರ್ತಿ ಅಳಿಸಿಹೋದರೆ ಆ ಯೋಧರ ಕಥೆ ಹೇಳಲು ಬೇರೇನೂ ಇರುವುದಿಲ್ಲ.