ಅತಿಥಿ ವಾಹನ ನಿಲುಗಡೆ ನಿಯಮಗಳು: ಬಸವಕಲ್ಯಾಣ ಮತ್ತು ಹುಮನಾಬಾದ್

ಹೊಸದಾಗಿ ಎದ್ದೇಳುವ ವಸತಿ ಸಮುಚ್ಚಯ ಅಥವಾ ಬಡಾವಣೆಯಲ್ಲಿ ವಾಸಿಸುವವರ ವಾಹನಗಳಿಗಷ್ಟೇ ಅಲ್ಲದೆ, ಅವರನ್ನು ಕಾಣಲು ಬರುವವರ ವಾಹನಗಳಿಗೂ ಜಾಗ ಬಿಡಬೇಕೆಂದು ಕಟ್ಟಡ ಉಪವಿಧಿಗಳು ಮತ್ತು ವಲಯ ನಿಯಮಾವಳಿಗಳು ಹಾಕುವ ಷರತ್ತು. ಬಳಕೆಯ ಮಾತಿನಲ್ಲಿ ‘ವಿಸಿಟರ್ಸ್ ಪಾರ್ಕಿಂಗ್’. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳಲ್ಲಿ ಈ ಷರತ್ತಿನ ಚರಿತ್ರೆ ಬೆಂಗಳೂರಿನದಕ್ಕಿಂತ ಬೇರೆ ದಾರಿ ಹಿಡಿದಿದೆ. ಇಲ್ಲಿ ಅಪಾರ್ಟ್‌ಮೆಂಟುಗಳು ಕಡಿಮೆ. ಲೇಔಟಿನಲ್ಲಿ ಪ್ಲಾಟು ಕೊಂಡು ಕಟ್ಟಿಸಿದ ಮನೆಗಳೇ ಹೆಚ್ಚು. ಅಂಥ ಮನೆಗೆ ಬಂದವರ ಗಾಡಿ ನಿಲ್ಲುವುದು ರಸ್ತೆಯ ಮೇಲೆ. ಹೀಗಾಗಿ ಲೇಔಟಿನ ರಸ್ತೆ ಎಷ್ಟು ಅಗಲ ಇರಬೇಕು, ಮನೆಯ ಮುಂದೆ ಎಷ್ಟು ಜಾಗ ಬಿಡಬೇಕು ಎಂದು ಹೇಳುವ ನಿಯಮಗಳೇ ಈ ಊರುಗಳಲ್ಲಿ ಅತಿಥಿ ನಿಲುಗಡೆಯ ನಿಜವಾದ ನಿಯಮಗಳಾಗಿವೆ.

ಹಿನ್ನೆಲೆ

ಈ ಸೀಮೆಯ ಹಳೆಯ ವಾಡೆಗಳಲ್ಲಿ ದೊಡ್ಡ ಬಾಗಿಲು ದಾಟಿದೊಡನೆ ಅಂಗಳ, ಅದರ ಮಗ್ಗುಲಲ್ಲಿ ಎತ್ತು ಕಟ್ಟುವ ಗ್ವಾದಲಿ. ಬೀಗರ ಬಂಡಿ ಒಳಗೇ ಬರುತ್ತಿತ್ತು. ನೊಗ ಇಳಿಸಿ ಎತ್ತುಗಳಿಗೆ ನೀರು, ಮೇವು ಕೊಡುವುದು ಮನೆಯವರ ಪಾಲಿನ ಕೆಲಸ. ಬಂದವರನ್ನು ಉಪಚರಿಸುವುದೆಂದರೆ ಅವರ ಎತ್ತುಗಳನ್ನೂ ಉಪಚರಿಸುವುದಾಗಿತ್ತು. ಬಾಗಿಲ ಅಗಲವೇ ಬಂಡಿಯ ಅಳತೆಗೆ ತಕ್ಕಂತೆ ಇರುತ್ತಿತ್ತು. ಚಿಕ್ಕ ಮನೆಗಳವರಿಗೆ ಓಣಿಯ ಬಯಲು, ಗುಡಿ ಮಠಗಳ ಆವರಣ ಇದ್ದವು. ಬರೆದಿಟ್ಟ ಕಾನೂನಿನ ಅಗತ್ಯ ಯಾರಿಗೂ ಕಾಣಲಿಲ್ಲ.

1956ರ ವರೆಗೆ ಎರಡೂ ಊರುಗಳು ಹೈದರಾಬಾದ್ ಸಂಸ್ಥಾನದ, ಆಮೇಲೆ ಹೈದರಾಬಾದ್ ರಾಜ್ಯದ ಭಾಗ. 1908ರ ಮೂಸಿ ನದಿಯ ಪ್ರವಾಹದ ಬಳಿಕ, 1912ರಲ್ಲಿ ಹೈದರಾಬಾದಿನಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿ, ಇಕ್ಕಟ್ಟಾದ ಗಲ್ಲಿಗಳನ್ನು ಒಡೆದು ಅಗಲದ ರಸ್ತೆಗಳನ್ನು ಹಾಕಿತು. ಆ ಕೆಲಸ ರಾಜಧಾನಿಯದು. ಬಸವಕಲ್ಯಾಣದ ಕೋಟೆಯ ಸುತ್ತಲಿನ ಓಣಿಗಳು ಮತ್ತು ಹುಮನಾಬಾದಿನ ಹಳೆಯ ಪೇಟೆ ಬಂಡಿ, ಕುದುರೆ, ಕಾಲ್ನಡಿಗೆಯ ಕಾಲದ ಅಳತೆಯಲ್ಲೇ ಉಳಿದವು. ಇಂದಿಗೂ ಆ ಓಣಿಗಳಲ್ಲಿ ಒಂದು ಕಾರು ನಿಂತರೆ ಇನ್ನೊಂದು ದಾಟುವುದು ಕಷ್ಟ.

ಕಾನೂನಿನ ಆರಂಭ

ಹೊಸ ಮನೆ ಕಟ್ಟುವವನೇ ವಾಹನಕ್ಕೂ ಜಾಗ ಬಿಡಬೇಕೆಂಬ ಕಟ್ಟಳೆ ಅಮೆರಿಕದಲ್ಲಿ ಹುಟ್ಟಿತು. ಒಹಾಯೊ ರಾಜ್ಯದ ಕೊಲಂಬಸ್ ನಗರ 1923ರಲ್ಲಿ ಅಪಾರ್ಟ್‌ಮೆಂಟುಗಳಿಗೆ ಇದನ್ನು ವಿಧಿಸಿತು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ನಗರಗಳು ಒಂದನ್ನೊಂದು ನೋಡಿ ಈ ಲೆಕ್ಕವನ್ನು ಬರೆದುಕೊಂಡವು. ಭಾರತಕ್ಕೆ ಆ ವಿಚಾರ ನಗರ ಯೋಜನೆಯ ಕಾನೂನುಗಳ ಜೊತೆಗೆ ಬಂತು. 1970ರಲ್ಲಿ ಮೊದಲ ಬಾರಿಗೆ ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆ 1983, 2005 ಮತ್ತು 2016ರಲ್ಲಿ ಪರಿಷ್ಕಾರಗೊಂಡು, ರಾಜ್ಯಗಳ ಉಪವಿಧಿಗಳಿಗೆ ಮಾದರಿಯಾಯಿತು.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ (ಜಾರಿಗೆ ಬಂದದ್ದು 1965ರಲ್ಲಿ), 1964ರ ಪುರಸಭೆಗಳ ಕಾಯ್ದೆ ಮತ್ತು ಅದೇ ವರ್ಷದ ಭೂಕಂದಾಯ ಕಾಯ್ದೆ, ಈ ಮೂರರ ಮೇಲೆಯೇ ಇಲ್ಲಿನ ಹೊಸ ಬಡಾವಣೆಗಳು ನಿಂತಿವೆ. ಹೊಲವನ್ನು ‘ಎನ್‌ಎ’ ಮಾಡಿಸುವುದು, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತಿಸುವುದು, ಭೂಕಂದಾಯ ಕಾಯ್ದೆಯ 95ನೆಯ ಕಲಮಿನ ಕೆಳಗೆ ನಡೆಯುತ್ತದೆ. ಲೇಔಟಿನ ನಕ್ಷೆಗೆ ಯೋಜನಾ ಕಾಯ್ದೆಯಂತೆ ಮಂಜೂರಾತಿ ಬೇಕು. ಮನೆ ಕಟ್ಟಲು ಪರವಾನಗಿ ಕೊಡುವುದು ಬಸವಕಲ್ಯಾಣದಲ್ಲಿ ನಗರಸಭೆ, ಹುಮನಾಬಾದಿನಲ್ಲಿ ಪುರಸಭೆ. ಲೇಔಟಿನ ಮಂಜೂರಾತಿಯ ಹಂತದಲ್ಲಿ ಉದ್ಯಾನಕ್ಕೆಷ್ಟು, ನಾಗರಿಕ ಸೌಲಭ್ಯಕ್ಕೆಷ್ಟು, ರಸ್ತೆಗೆಷ್ಟು ಎಂಬ ಪ್ರಶ್ನೆ ಬರುತ್ತದೆ. ಬಂದುಹೋಗುವವರ ವಾಹನದ ಪ್ರಶ್ನೆ ಮಾತ್ರ ‘ರಸ್ತೆ’ ಎಂಬ ಬಾಬತ್ತಿನೊಳಗೆ ಸೇರಿಹೋಗಿದೆ.

ಶೇಕಡಾ ಹತ್ತರ ನಿಯಮ

ಕರ್ನಾಟಕದಲ್ಲಿ ಅತಿಥಿಗಳ ಪಾಲನ್ನು ಅಂಕೆಯಲ್ಲಿ ಹೇಳಿದ ನಿಯಮಗಳಲ್ಲಿ ಹೆಚ್ಚು ಪರಿಚಿತವಾದದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಪರಿಷ್ಕೃತ ಮಹಾಯೋಜನೆ 2015. ಹೆಸರಿನಲ್ಲಿ 2015 ಇದ್ದರೂ ಇದು 2007ರ ಜೂನ್‌ನಲ್ಲಿ ಜಾರಿಗೆ ಬಂತು. ಬಹುಕುಟುಂಬ ವಸತಿಯಲ್ಲಿ 50ರಿಂದ 150 ಚದರ ಮೀಟರಿನ ಪ್ರತಿ ಮನೆಗೆ ಒಂದು ಕಾರಿನ ಜಾಗ, 50 ಚ.ಮೀ.ಗಿಂತ ಚಿಕ್ಕದಾದ ಎರಡು ಮನೆಗಳಿಗೆ ಸೇರಿ ಒಂದು, ಇದರ ಮೇಲೆ ಬಂದುಹೋಗುವವರಿಗಾಗಿ ಹೆಚ್ಚುವರಿ ಶೇ. 10 ಎಂಬುದು ಅದರ ಲೆಕ್ಕ. ನೂರು ಮನೆಗಳ ಸಮುಚ್ಚಯದಲ್ಲಿ ಮನೆಗೊಂದರಂತೆ ನೂರು ಜಾಗವಾದರೆ ಅತಿಥಿಗಳಿಗೆ ಹತ್ತು.

ನೆರೆಯ ತೆಲಂಗಾಣದ ಪದ್ಧತಿ ಬೇರೆ. ಅವಿಭಜಿತ ಆಂಧ್ರಪ್ರದೇಶ ಸರ್ಕಾರ 2012ರ ಏಪ್ರಿಲ್‌ನಲ್ಲಿ ಹೊರಡಿಸಿದ 168ನೆಯ ಆದೇಶ ನಿಲುಗಡೆಯನ್ನು ಕಾರುಗಳ ಎಣಿಕೆಯ ಬದಲು ಕಟ್ಟಡದ ವಿಸ್ತೀರ್ಣದ ಶೇಕಡಾವಾರಿನಲ್ಲಿ ಕೇಳುತ್ತದೆ. ಆ ನಿಲುಗಡೆ ಪ್ರದೇಶದ ಕನಿಷ್ಠ ಶೇ. 10 ಭಾಗ ಅತಿಥಿಗಳಿಗೆ ಮೀಸಲು. ಕಟ್ಟಡದ ಸುತ್ತ ಖಾಲಿ ಬಿಡುವ ಜಾಗ (ಸೆಟ್‌ಬ್ಯಾಕ್) 6 ಮೀಟರಿಗಿಂತ ಹೆಚ್ಚಿದ್ದರೆ, ಹಸಿರು ಪಟ್ಟಿಯನ್ನು ಬಿಟ್ಟು, ಆ ಜಾಗದಲ್ಲೂ ಅದನ್ನು ಒದಗಿಸಬಹುದು. ಈ ಸೌಲಭ್ಯ ಎಲ್ಲ ಅತಿಥಿಗಳಿಗೂ ತೆರೆದಿರಬೇಕು ಎಂಬ ಮಾತನ್ನೂ ಸೇರಿಸಿದ್ದು ಆ ಆದೇಶದ ಹೆಚ್ಚುಗಾರಿಕೆ. ಈ ಮಾತಿಗೆ ಬೆಲೆಯಿದೆ. ನಕ್ಷೆಯಲ್ಲಿ ‘ವಿಸಿಟರ್ಸ್’ ಎಂದು ಬರೆದ ಜಾಗಕ್ಕೆ ಕಟ್ಟಡ ತುಂಬಿದ ಮೇಲೆ ಸರಪಳಿ ಬೀಳುವುದು, ಯಾರದೋ ಎರಡನೆಯ ಕಾರಿಗೆ ಅದು ಕಾಯಂ ಆಗುವುದು ನಮ್ಮ ದೊಡ್ಡ ನಗರಗಳಲ್ಲೆಲ್ಲ ಕಾಣುವ ದೃಶ್ಯ. ಹೈದರಾಬಾದಿನ ನೌಕರಿ, ಆಸ್ಪತ್ರೆ, ನೆಂಟಸ್ತನಗಳ ಮೂಲಕ ಬಸವಕಲ್ಯಾಣ, ಹುಮನಾಬಾದಿನ ಜನರಿಗೆ ಈ ವ್ಯವಸ್ಥೆಯ ಪರಿಚಯ ಬೆಂಗಳೂರಿನದಕ್ಕಿಂತ ಹತ್ತಿರದ್ದು.

ಆ ಜಾಗ ಯಾರದು ಎಂಬ ಪ್ರಶ್ನೆಗೆ ಉತ್ತರ ಕಟ್ಟಡ ಉಪವಿಧಿಗಳಲ್ಲಿಲ್ಲ, ಒಡೆತನದ ಕಾನೂನಿನಲ್ಲಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ನಿಲುಗಡೆ ಪ್ರದೇಶವನ್ನು ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿಟ್ಟಿತು. ಮುಂಬೈಯ ನಹಾಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಆಗಸ್ಟ್ 31ರಂದು, ಕಟ್ಟಡದ ಕೆಳಗೆ ಕಂಬಗಳ ನಡುವೆ ವಾಹನಗಳಿಗೆ ಬಿಡುವ ಸ್ಟಿಲ್ಟ್ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು ತೀರ್ಪಿತ್ತಿತು. ಆ ತೀರ್ಪು ಮಹಾರಾಷ್ಟ್ರದ ಕಾನೂನಿನ ಮೇಲೆ ಬಂದದ್ದಾದರೂ ದೇಶದ ಎಲ್ಲೆಡೆ ಅದರ ಉಲ್ಲೇಖ ನಡೆಯುತ್ತದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ತೆರೆದ ನಿಲುಗಡೆ ಜಾಗವನ್ನು ಸಾಮಾನ್ಯ ಪ್ರದೇಶವೆಂದೇ ವ್ಯಾಖ್ಯಾನಿಸಿತು. ಮೂರು ಕಡೆ ಗೋಡೆ, ಮೇಲೆ ಸೂರು ಇದ್ದರೆ ಮಾತ್ರ ಅದು ‘ಗ್ಯಾರೇಜು’. ಕರ್ನಾಟಕದ ರೇರಾ ನಿಯಮಗಳು 2017ರ ಜುಲೈನಲ್ಲಿ ಬಂದವು. ಯೋಜನಾ ವ್ಯಾಪ್ತಿಯೊಳಗೆ 500 ಚ.ಮೀ. ಮೀರಿದ ಜಾಗದ ಲೇಔಟುಗಳಿಗೂ ನೋಂದಣಿ ಬೇಕಾದ್ದರಿಂದ, ಸಣ್ಣ ಪಟ್ಟಣದ ಪ್ಲಾಟು ಕೊಳ್ಳುವವರಿಗೂ ಈ ಕಾಯ್ದೆ ಸಂಬಂಧಿಸಿದ್ದೇ.

ಮೂವತ್ತು ಅಡಿ ರಸ್ತೆಯ ಲೆಕ್ಕ

ಇಲ್ಲಿನ ಮಾತಿನಲ್ಲಿ ಪ್ಲಾಟೆಂದರೆ ಥರ್ಟಿ–ಫಾರ್ಟಿ: ಮೂವತ್ತು ಅಡಿ ಮುಂಭಾಗ, ನಲವತ್ತು ಅಡಿ ಆಳ. ಮುಂದೆ ಮೂವತ್ತು ಅಡಿಯ, ಅಂದರೆ 9 ಮೀಟರಿನ ರಸ್ತೆ. ಮನೆಯವರು ಗೇಟಿನೊಳಗೆ ಒಂದು ಕಾರು ಅಥವಾ ಎರಡು ಮೋಟಾರ್ ಸೈಕಲ್ ನಿಲ್ಲಿಸಿಕೊಳ್ಳುತ್ತಾರೆ. ಒಳಗಿನ ನೆಲ ಎತ್ತರ, ರಸ್ತೆ ತಗ್ಗು, ನಡುವೆ ಗಟಾರು. ಅದನ್ನು ದಾಟಲು ಸಿಮೆಂಟಿನ ಇಳಿಜಾರು ರಸ್ತೆಯೊಳಕ್ಕೆ ಮೂರು ನಾಲ್ಕು ಅಡಿ ಚಾಚಿರುತ್ತದೆ. ಎರಡೂ ಬದಿ ಹೀಗಾದರೆ ಮೂವತ್ತು ಅಡಿ ಇಪ್ಪತ್ತಮೂರಕ್ಕೆ ಇಳಿಯಿತು. ಕಾರಿನ ಅಗಲ ಸುಮಾರು ಆರು ಅಡಿ. ಇಳಿಜಾರುಗಳಾಚೆ ಎರಡೂ ಬದಿಗೆ ಪಾವಣೇರ (ನೆಂಟರ) ಕಾರುಗಳು ನಿಂತವೆಂದರೆ ನಡುವೆ ಉಳಿಯುವುದು ಹನ್ನೊಂದು ಅಡಿ. ಶಾಲೆಯ ಬಸ್ಸು ಹೇಗೋ ದಾಟುತ್ತದೆ. ಇದೇ ಲೆಕ್ಕವನ್ನು ಇಪ್ಪತ್ತು ಅಡಿ ರಸ್ತೆಗೆ ಹಾಕಿದರೆ ಉಳಿಯುವುದು ಒಂದೇ ಅಡಿ. ಒಂದೇ ಬದಿಗೆ ಕಾರು ನಿಂತರೂ ದಾರಿ ಏಳಡಿಯಷ್ಟೇ. 108 ಆಂಬುಲೆನ್ಸ್ ಓಣಿಯ ಬಾಯಲ್ಲಿ ನಿಂತು ರೋಗಿಯನ್ನು ಹೊತ್ತು ತರಬೇಕಾಗುತ್ತದೆ. ಅತಿಥಿ ನಿಲುಗಡೆಯನ್ನು ಶ್ರೀಮಂತರ ಅನುಕೂಲವೆಂದು ತಳ್ಳಿಹಾಕುವವರು ಈ ಕೂಡು–ಕಳೆಯನ್ನು ಒಮ್ಮೆ ಟೇಪು ಹಿಡಿದು ಅಳೆದು ನೋಡಬೇಕು.

ಕಾನೂನಿನ ದೃಷ್ಟಿಯಲ್ಲಿ, ಲೇಔಟಿನ ರಸ್ತೆಯನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಮೇಲೆ ಅದು ಸಾರ್ವಜನಿಕರದು. ಮನೆಯ ಮುಂದಿನ ಮೂವತ್ತು ಅಡಿಯ ಮೇಲೆ ಮನೆಯವನಿಗೆ ವಿಶೇಷ ಹಕ್ಕಿಲ್ಲ. ಖಾಸಗಿಯಾಗಿ ನೇತುಹಾಕಿದ ‘ನೋ ಪಾರ್ಕಿಂಗ್’ ಫಲಕಕ್ಕೆ, ಸಾಲಾಗಿ ಇಟ್ಟ ಕಲ್ಲುಗಳಿಗೆ ಕಾನೂನಿನ ಬಲವಿಲ್ಲ. ವಾಹನ ಎಲ್ಲಿ ನಿಲ್ಲಬಹುದೆಂದು ಗೊತ್ತುಪಡಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೆಯ ಕಲಮಿನಂತೆ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಸೇರಿದ್ದು.

ಈ ಪಟ್ಟಣಗಳ ವಿಶೇಷ

2011ರ ಜನಗಣತಿಯಲ್ಲಿ ಬಸವಕಲ್ಯಾಣದ ಜನಸಂಖ್ಯೆ ಸುಮಾರು 70 ಸಾವಿರ. ಹುಮನಾಬಾದ್ ಅದಕ್ಕಿಂತ ಚಿಕ್ಕದು, ಆದರೆ ಕೂಡುರಸ್ತೆಯ ಊರು: ಪುಣೆ–ಹೈದರಾಬಾದ್ ಹೆದ್ದಾರಿ 65 (ಹಳೆಯ 9) ಮತ್ತು ಬೀದರ್–ಕಲಬುರಗಿ ಹೆದ್ದಾರಿ 50 ಇಲ್ಲಿ ಸಂಧಿಸುತ್ತವೆ. 2017ರ ಅಕ್ಟೋಬರ್‌ನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಪೂರ್ತಿಯಾಯಿತು. ಬಸವಕಲ್ಯಾಣ ಲಾರಿಗಳ ಊರು. ಲಾರಿ ದುರಸ್ತಿಯ ಆಟೋ ನಗರ ಅಲ್ಲಿಯ ಹೆಗ್ಗುರುತು. ಲಾರಿಯೇ ಜೀವನೋಪಾಯವಾದ ಮನೆಗೆ ಕಾರಿನ ಅಳತೆಯ ಜಾಗದಿಂದ ಏನೂ ಬಗೆಹರಿಯುವುದಿಲ್ಲ. ಕಟ್ಟಡ ಉಪವಿಧಿಗಳ ಲೆಕ್ಕದಲ್ಲಿ ಇಂಥ ಮನೆಯೇ ಇಲ್ಲ.

ಇನ್ನೊಂದು ವಿಶೇಷ, ಇಲ್ಲಿ ಅತಿಥಿಗಳು ದಿನಾ ಒಬ್ಬಿಬ್ಬರಂತೆ ಬರುವುದಿಲ್ಲ; ಬಂದರೆ ಒಟ್ಟಿಗೇ ಬರುತ್ತಾರೆ. ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ದತ್ತ ಜಯಂತಿಗೆ ಮಾಣಿಕನಗರದ ಮಾಣಿಕಪ್ರಭು ಸಂಸ್ಥಾನದ ಉತ್ಸವ, ಬಸವ ಜಯಂತಿಗೆ ಬಸವಕಲ್ಯಾಣಕ್ಕೆ ಬರುವ ಶರಣ ಬಳಗ, ಇವುಗಳ ಜೊತೆಗೆ ಲಗ್ನಸರಾಯಿ, ಅಂದರೆ ಮದುವೆಗಳ ಹಂಗಾಮು. ಕ್ರೂಸರ್, ಟೆಂಪೊ, ಟ್ರ್ಯಾಕ್ಟರುಗಳಲ್ಲಿ ಬಂದ ಬೀಗರು ಇಡೀ ಓಣಿ ತುಂಬುತ್ತಾರೆ. ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪ ಯಾತ್ರಿಕರ ಸಂಖ್ಯೆಯನ್ನು ಇನ್ನಷ್ಟು ಹೆಚ್ಚಿಸಲಿದೆ. ನಿಲುಗಡೆಯ ಶೇ. 10 ಎಂಬ ಸೂತ್ರದಂತೆ ಬಿಟ್ಟ ಜಾಗ ಇಲ್ಲಿ ವರ್ಷದ ಬಹುಪಾಲು ದಿನ ಖಾಲಿ, ಉಳಿದ ದಿನ ಏನೇನೂ ಸಾಲದು. ಲೇಔಟಿನಲ್ಲಿ ಉದ್ಯಾನ ಮತ್ತು ನಾಗರಿಕ ಸೌಲಭ್ಯಕ್ಕೆ ಬಿಡುವ ಜಾಗದ ಪಕ್ಕದಲ್ಲೇ, ಎಲ್ಲರಿಗೂ ಸೇರಿದ ಒಂದು ಗಟ್ಟಿ ನೆಲದ ಬಯಲನ್ನು ನಕ್ಷೆಯಲ್ಲೇ ಗುರುತಿಸುವುದು ಈ ಊರುಗಳಿಗೆ ಹೆಚ್ಚು ಒಪ್ಪುವ ದಾರಿ.

ಇತ್ತೀಚಿನ ಬೆಳವಣಿಗೆಗಳು

ಹುಟ್ಟಿದ ನಾಡಿನಲ್ಲೇ ಕನಿಷ್ಠ ನಿಲುಗಡೆಯ ನಿಯಮ ಈಗ ಪ್ರಶ್ನೆಗೆ ಗುರಿಯಾಗಿದೆ. ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ 2005ರ ತಮ್ಮ ಗ್ರಂಥದಲ್ಲಿ, ಪುಕ್ಕಟೆ ನಿಲುಗಡೆಯ ಬೆಲೆಯನ್ನು ವಾಹನ ಇಲ್ಲದವರೂ ತೆರುತ್ತಾರೆಂದು ತೋರಿಸಿದರು. ಅಮೆರಿಕದ ಬಫಲೊ ನಗರ ಮತ್ತು ಮೆಕ್ಸಿಕೊ ಸಿಟಿ 2017ರಲ್ಲಿ ಕನಿಷ್ಠ ಮಿತಿಯನ್ನು ಕೈಬಿಟ್ಟವು. ಜಪಾನಿನಲ್ಲಿ 1962ರ ಕಾಯ್ದೆಯಂತೆ ಕಾರು ಕೊಳ್ಳುವವನೇ ನಿಲ್ಲಿಸುವ ಜಾಗ ತೋರಿಸಬೇಕು. ಇಂಥ ಹೆಜ್ಜೆಗಳನ್ನು ಸಂಜೆಯ ಮೇಲೆ ಹಳ್ಳಿಗೆ ಬಸ್ಸು ಸಿಗದ ತಾಲ್ಲೂಕಿಗೆ ಹಾಗೆಯೇ ತರಲಾಗದು. ಇತ್ತ ಭಾರತದಲ್ಲಿ ಕೇಂದ್ರ ಸರ್ಕಾರ 2019ರ ಫೆಬ್ರವರಿಯಲ್ಲಿ 2016ರ ಮಾದರಿ ಕಟ್ಟಡ ಉಪವಿಧಿಗಳಿಗೆ ತಿದ್ದುಪಡಿ ತಂದು, ನಿಲುಗಡೆ ಸಾಮರ್ಥ್ಯದ ಶೇ. 20ರಷ್ಟಕ್ಕೆ ವಿದ್ಯುತ್ ವಾಹನಗಳ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದು ಹೇಳಿತು.

ಇಲ್ಲಿನ ಜನಕ್ಕೆ ಹೆಚ್ಚು ತಟ್ಟಿದ್ದು 2025ರ ಫೆಬ್ರವರಿಯ ಬೆಳವಣಿಗೆ. ಮಂಜೂರಾತಿ ಇಲ್ಲದ ಲೇಔಟುಗಳ ಆಸ್ತಿಗಳಿಗೂ ಬೆಂಗಳೂರಿನ ಹೊರಗಿನ ನಗರ ಸ್ಥಳೀಯ ಸಂಸ್ಥೆಗಳು ‘ಬಿ’ ಖಾತಾ ಕೊಡುವ ಅಭಿಯಾನವನ್ನು ರಾಜ್ಯ ಸರ್ಕಾರ ಆರಂಭಿಸಿತು. ದುಡಿದ ದುಡ್ಡು ಹಾಕಿ ಪ್ಲಾಟು ಕೊಂಡ ಕುಟುಂಬಗಳಿಗೆ ಇದರಿಂದ ದಾಖಲೆ ಸಿಕ್ಕಿತು, ಅದು ನ್ಯಾಯವೇ. ಆದರೆ ಖಾತಾ ಸಿಕ್ಕ ಮಾತ್ರಕ್ಕೆ ಇಕ್ಕಟ್ಟಾದ ರಸ್ತೆ ಅಗಲವಾಗುವುದಿಲ್ಲ. ನಿಲುಗಡೆಯ ಜಾಗವನ್ನು ಷರತ್ತಾಗಿ ಬರೆಯಬಹುದಾದ ಘಳಿಗೆ ಲೇಔಟ್ ನಕ್ಷೆ ಮಂಜೂರಾಗುವ ಘಳಿಗೆ. ಪ್ಲಾಟುಗಳು ಮಾರಾಟವಾಗಿ ಮನೆಗಳೆದ್ದ ಮೇಲೆ ಸ್ಥಳೀಯ ಸಂಸ್ಥೆಗೆ ಉಳಿಯುವುದು ರಸ್ತೆಯ ಒಂದು ಬದಿಗೆ ನಿಲುಗಡೆ ನಿಷೇಧಿಸುವುದು, ಗಟಾರಿನಾಚೆ ಚಾಚಿದ ಇಳಿಜಾರುಗಳನ್ನು ತೆರವು ಮಾಡಿಸುವುದು, ಜಾತ್ರೆ–ಲಗ್ನದ ದಿನಗಳಿಗೆ ಶಾಲೆಯ ಮೈದಾನವನ್ನೋ ಖಾಲಿ ನಿವೇಶನವನ್ನೋ ಗೊತ್ತುಮಾಡುವುದು, ಇಷ್ಟೇ.