ಬೀಗ ಬಿದ್ದ ಬಾಗಿಲು: ಕಾರ್ಲ್‌ಟನ್ ಟವರ್ಸ್ ಕಲಿಸಿದ ಪಾಠ

ನಾರಾಯಣಪುರ, ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಕೆಲಸಕ್ಕಂತ ಬೆಂಗಳೂರು, ಹೈದರಾಬಾದ್ ಸೇರಿದವರೂ ಇದನ್ನ ಕೇಳ್ತಿರಬಹುದು. ದಿನಾ ಲಿಫ್ಟ್‌ನಲ್ಲಿ ಆಫೀಸಿಗೆ ಹೋಗ್ತೀರಿ, ಲಿಫ್ಟ್‌ನಲ್ಲೇ ಇಳೀತೀರಿ. ಮೆಟ್ಟಿಲ ಕಡೆಯ ಬಾಗಿಲು ಯಾವತ್ತಾದರೂ ತೆಗೆದು ನೋಡೀರೇನು? ಇವತ್ತಿನ ಕತೆ ಆ ಬಾಗಿಲಿಂದು.

2010ರ ಫೆಬ್ರವರಿ 23, ಮಂಗಳವಾರ. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಮಧ್ಯಾಹ್ನ ಕಳೆದು ಸಂಜೆಯಾಗುವ ಹೊತ್ತು. ವಿದ್ಯುತ್ ತಂತಿ ಹಾದುಹೋಗುವ ಡಕ್ಟ್‌ನಲ್ಲಿ ಬೆಂಕಿ ಹತ್ತಿತು. ಬೆಂಕಿಗಿಂತ ಮೊದಲು ಮೇಲಿನ ಮಹಡಿಗಳಿಗೆ ಹೊಗೆ ತಲುಪಿತು. ಉಸಿರು ಕಟ್ಟಿದವರು ಕಿಟಕಿ ಗಾಜು ಒಡೆದರು, ಕೆಲವರು ಕೆಳಗೆ ಜಿಗಿದರು. ಒಟ್ಟು 9 ಜನ ತೀರಿಕೊಂಡರು. ತುರ್ತು ನಿರ್ಗಮನದ ದಾರಿಗೆ ಬೀಗ ಬಿದ್ದಿತ್ತು ಅನ್ನೋದು ಆಮೇಲೆ ಸುದ್ದಿಯಾಯಿತು.

ಇದು ಹಳೇ ರೋಗ. 1911ರ ಮಾರ್ಚ್ 25ರಂದು ನ್ಯೂಯಾರ್ಕ್‌ನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದಾಗ 146 ಜನ ಸತ್ತರು. ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಅಲ್ಲೂ 9ನೇ ಮಹಡಿಯ ಒಂದು ಬಾಗಿಲಿಗೆ ಬೀಗವಿತ್ತು. ಕೆಲಸಗಾರರು ಬಟ್ಟೆ ಕದ್ದಾರೆಂಬ ಮಾಲೀಕರ ಅನುಮಾನವೇ ಅದಕ್ಕೆ ಕಾರಣ.

ಹಾಗಾದ್ರೆ ಈ ಬಾಗಿಲು ಯಾವಾಗಲೂ ತೆರೆದೇ ಇರಬೇಕಾ? ಅದೂ ತಪ್ಪು. ಫೈರ್ ಡೋರ್ ಮುಚ್ಚಿರಬೇಕು, ಬೀಗ ಮಾತ್ರ ಇರಬಾರದು. ಅದು ಒಂದೆರಡು ಗಂಟೆ ಬೆಂಕಿ ತಡೀತದೆ, ಮೆಟ್ಟಿಲಿಗೆ ಹೊಗೆ ನುಗ್ಗದಂತೆ ನೋಡ್ಕೋತದೆ. ಗಾಳಿ ಬರಲಿ ಅಂತ ಇಟ್ಟಿಗೆ ಇಟ್ಟು ತೆರೆದಿಟ್ಟರೆ ಮೆಟ್ಟಿಲೇ ಹೊಗೆಯ ಚಿಮಣಿ ಆಗ್ತದೆ.

ಬಾಗಿಲು ಹಾಕಿಸಿದ ದಿನ ಎಲ್ಲವೂ ಸರಿ ಇರ್ತದೆ. ವರ್ಷ ಕಳೆದಂತೆ ತಾನಾಗಿ ಮುಚ್ಚಿಸೋ ಕ್ಲೋಸರ್ ಸಡಿಲಾಗ್ತದೆ, ತಿರುಗಣಿ ಜೋತು ಬೀಳ್ತದೆ. ಶಾಖಕ್ಕೆ ಉಬ್ಬಿ ಸಂದು ಮುಚ್ಚೋ ಅಂಚಿನ ಪಟ್ಟಿ ಕಿತ್ತು ಬರ್ತದೆ. ನೋಡಿಕೊಳ್ಳುವವರಿಲ್ಲದಿದ್ದರೆ ಅದು ಬರೀ ಭಾರದ ಬಾಗಿಲು.

ಕಾರ್ಲ್‌ಟನ್‌ನಲ್ಲಿ ತಮ್ಮವರನ್ನ ಕಳಕೊಂಡವರು ಸುಮ್ಮನೆ ಕೂಡಲಿಲ್ಲ. 'ಬಿಯಾಂಡ್ ಕಾರ್ಲ್‌ಟನ್' ಅನ್ನೋ ಸಂಸ್ಥೆ ಕಟ್ಟಿ, ಅಗ್ನಿ ಸುರಕ್ಷತೆ ಬಗ್ಗೆ ಜನರಲ್ಲಿ ಅರಿವು ಮೂಡಿಸೋ ಕೆಲಸ ಹಿಡಿದರು.

ನಾಳೆ ಒಂದು ಸಣ್ಣ ಕೆಲಸ ಮಾಡ್ರಿ. ನಿಮ್ಮ ಮಹಡಿಯ ಆ ಬಾಗಿಲು ತಳ್ಳಿ ನೋಡ್ರಿ. ಕೀಲಿ ಇಲ್ಲದೆ ತೆರೀತದಾ? ಕೈಬಿಟ್ಟ ಮೇಲೆ ತಾನೇ ಪೂರ್ತಿ ಮುಚ್ಚಿಕೋತದಾ? ಆಚೆ ಮೆಟ್ಟಿಲ ಮೇಲೆ ಹಳೇ ಕುರ್ಚಿ, ರಟ್ಟಿನ ಡಬ್ಬಿ ಪೇರಿಸಿಟ್ಟಾರಾ? ಇದ್ದರೆ ಫೋಟೊ ತೆಗೆದು, ಕಟ್ಟಡ ನೋಡ್ಕೊಳ್ಳೋರಿಗೆ ಅವತ್ತೇ ಕಳಿಸ್ರಿ.